ಪಿಯೆತ್ರಾಸ್ಕೂರಾದ ಐವತ್ತನೆಯ ತಲೆ

ದೊಮಿತಿಲ್ಲಾ ಗಾರ್ನೆರೊ ಕಲ್ಲೆದೆಯ ಹೆಂಗಸು. ಇದರಲ್ಲಿ ಎರಡು ಮಾತಿರಲಿಲ್ಲ. ಪಿಯೆತ್ರಾಸ್ಕೂರಾ ಎಂಬ ಆ ಬೆಟ್ಟದೂರಿನಲ್ಲಿ ಯಾವ ಇಬ್ಬರೂ ಯಾವ ವಿಷಯಕ್ಕೂ ಒಪ್ಪಿಕೊಂಡದ್ದನ್ನು ಕಂಡವರಿಲ್ಲ. ಹುಲ್ಲುಗಾವಲಿನ ಗಡಿ, ಚರ್ಚಿನ ಗಂಟೆ ಹೊಡೆಯುವ ಹೊತ್ತು, ಪೊಲೆಂತಾ ಎಂಬ ಮೆಕ್ಕೆಜೋಳದ ಮುದ್ದೆಗೆ ಬೆಣ್ಣೆಯನ್ನು ಒಲೆಯ ಮೇಲೆ ಹಾಕಬೇಕೋ ತಟ್ಟೆಯಲ್ಲಿ ಹಾಕಬೇಕೋ, ಎಲ್ಲಕ್ಕೂ ಜಗಳವೇ. ಆದರೆ ದೊಮಿತಿಲ್ಲಾಳ ಎದೆಗೂಡಿನಲ್ಲಿ ಹೃದಯದ ಜಾಗದಲ್ಲಿ ಪಂಚಾಯಿತಿಯ ಮೊಹರು ಇದೆ ಎಂದರೆ ಊರಿನ ಐವತ್ತು ಜನರೂ ತಲೆಯಾಡಿಸುತ್ತಿದ್ದರು. ಐವತ್ತರಲ್ಲಿ ಅವಳೂ ಒಬ್ಬಳು. ಅವಳೂ ತಲೆಯಾಡಿಸುತ್ತಿದ್ದಳೋ ಏನೋ, ಕೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ.

ಅವಳ ಕೆಲಸ ಊರಿನ ತಲೆ ಎಣಿಸುವುದು. ಮೂವತ್ತೊಂದು ವರ್ಷಗಳಿಂದ ಜನನ, ಮರಣ, ಮದುವೆ, ಬಂದವರು, ಹೋದವರು ಎಂಬ ಐದು ದಪ್ಪ ಪುಸ್ತಕಗಳು ಅವಳ ಕೈಯಲ್ಲಿದ್ದವು. ಜನನದ ಪುಸ್ತಕಕ್ಕೆ ಹದಿಮೂರು ವರ್ಷಗಳಿಂದ ಧೂಳು ಹೊಡೆಯುವುದೊಂದೇ ಉಪಚಾರ. ಮದುವೆಯ ಪುಸ್ತಕವನ್ನು ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಾಗಿ ಇಟ್ಟಿದ್ದಳು. ಹೋದವರ ಪುಸ್ತಕ ಮಾತ್ರ ಎರಡು ಸಲ ಹೊಲಿಗೆ ಬಿಚ್ಚಿ ಮೂರನೆಯ ಸಂಪುಟಕ್ಕೆ ಬಂದಿತ್ತು.

ಎಣಿಸುವುದಕ್ಕೆ ಅಲ್ಲಿ ಏನಿದೆ ಎಂದು ಕಣಿವೆಯ ಕೆಳಗಿನ ಊರಿನವರು ನಗುತ್ತಿದ್ದರು. ನಗುವವರು ಊರನ್ನು ಒಮ್ಮೆ ಹತ್ತಿ ನೋಡಬೇಕು. ಮೂವತ್ತೆಂಟು ಚದರ ಕಿಲೋಮೀಟರು ನೆಲ. ಅದರಲ್ಲಿ ಅರ್ಧ ನೆಟ್ಟಗೆ ನಿಂತಿದೆ. ಇಸ್ತ್ರಿ ಮಾಡಿ ಹಾಸಿದರೆ ನಾವೂ ಒಂದು ಪ್ರಾಂತ್ಯದಷ್ಟು ಆಗುತ್ತೇವೆ ಎಂದು ಊರಿನವರು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಕೆಳತುದಿಯ ಸೇತುವೆಯಿಂದ ಮೇಲಿನ ಬೋಳು ಶಿಖರದವರೆಗೆ ಎರಡು ಸಾವಿರ ಮೀಟರಿಗೂ ಹೆಚ್ಚು ಏರು. ಮೇಲಿನ ಮೂರನೇ ಒಂದು ಪಾಲು ಬಂಡೆ ಮತ್ತು ಹಿಮ, ನಡುವಿನ ಪಾಲು ಕಾಡುಮೇಕೆಗಳದ್ದು; ಅವು ಮುನ್ನೂರ ನಲವತ್ತು ಎಂದು ಅರಣ್ಯ ಇಲಾಖೆಯವರು ಎಣಿಸಿ ಹೋಗಿದ್ದರು. ಮನುಷ್ಯರಿಗೆ ಉಳಿದದ್ದು ತೊರೆಯ ಎರಡು ದಡ. ಬಲದಂಡೆ ಬಿಸಿಲು ಮಗ್ಗುಲು, ಎಡದಂಡೆ ನೆರಳು ಮಗ್ಗುಲು. ನವೆಂಬರ್ ಹನ್ನೊಂದರ ಸಂತ ಮಾರ್ಟಿನನ ಹಬ್ಬದ ದಿನ ನೆರಳು ಮಗ್ಗುಲಿಗೆ ಬೆನ್ನು ಹಾಕಿದ ಸೂರ್ಯ ಜನವರಿ ಮುಗಿಯುವವರೆಗೆ ಅತ್ತ ತಿರುಗಿ ನೋಡುವುದಿಲ್ಲ. ಬಿಸಿಲು ಮಗ್ಗುಲಿನವರು ಎದುರಿನವರನ್ನು ನೆಲಮಾಳಿಗೆಯಲ್ಲಿ ಮೊಳೆತ ಆಲೂಗಡ್ಡೆಗಳು ಎನ್ನುತ್ತಿದ್ದರು. ನೆರಳು ಮಗ್ಗುಲಿನವರು, ಬಿಸಿಲಿಗೆ ಹುಲ್ಲಿನ ಜೊತೆ ಇವರ ಮೆದುಳೂ ಒಣಗಿತು ಎನ್ನುತ್ತಿದ್ದರು. ನೂರು ವರ್ಷದ ಹಿಂದೆ ಹೀಗೆ ಬೈದಾಡಿಕೊಳ್ಳಲು ಹನ್ನೊಂದು ಹಟ್ಟಿಗಳಲ್ಲಿ ಸಾವಿರದ ಇನ್ನೂರ ಹದಿನಾಲ್ಕು ಜನರಿದ್ದರು. ಈಗ ನಾಲ್ಕು ಹಟ್ಟಿಗಳಲ್ಲಿ ಐವತ್ತು. ಬೈಗುಳ ಮಾತ್ರ ಒಂದೂ ಕಡಿಮೆಯಾಗಿರಲಿಲ್ಲ. ತಲೆಗೆ ಹೆಚ್ಚು ಹೆಚ್ಚು ಹಂಚಿಕೆಯಾಗುತ್ತಿತ್ತು, ಅಷ್ಟೆ.

ಇಷ್ಟು ಸಣ್ಣ ಊರಿನಲ್ಲಿ ಬೇರೆ ಯಾವ ಗುಮಾಸ್ತೆಯಾದರೂ ಹೋದವರನ್ನು ಹೋಗಗೊಟ್ಟು ಹೆಸರನ್ನಾದರೂ ಉಳಿಸಿಕೊಳ್ಳುತ್ತಿದ್ದಳು. ಅಕ್ಕಪಕ್ಕದ ಕಣಿವೆಗಳಲ್ಲೆಲ್ಲ ಹಾಗೆಯೇ ನಡೆಯುತ್ತಿತ್ತು. ಅಲ್ಲಿನ ಪುಸ್ತಕಗಳ ಪ್ರಕಾರ ಜನ ನೂರಾ ಹತ್ತು ವರ್ಷ ಬದುಕುತ್ತಿದ್ದರು, ಅರ್ಜೆಂಟೀನಾದಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಾ ಇಲ್ಲಿ ಹಸು ಕಾಯುತ್ತಿದ್ದರು. ದೊಮಿತಿಲ್ಲಾ ಅಂಥದ್ದನ್ನು ಸಹಿಸುವವಳಲ್ಲ. ಯಾರಾದರೂ ಒಂದು ವರ್ಷ ಊರಲ್ಲಿ ಮಲಗದಿದ್ದರೆ ಅವಳು ಮನೆಗೇ ಹೋಗಿ ಹಾಸಿಗೆ ಮುಟ್ಟಿ ನೋಡುತ್ತಿದ್ದಳು, ಒಲೆಯ ಬೂದಿ ಕೆದಕುತ್ತಿದ್ದಳು, ಕಚೇರಿಗೆ ಬಂದು ಅಡಿಪಟ್ಟಿ ಇಟ್ಟು ಕೆಂಪು ಪೆನ್ಸಿಲಿನಲ್ಲಿ ಹೆಸರಿನ ಮೇಲೆ ಒಂದು ನೇರ ಗೆರೆ ಎಳೆಯುತ್ತಿದ್ದಳು.

ಮೊದಲ ಗೆರೆ ಬಿದ್ದದ್ದು ಅವಳ ಗಂಡನ ಮೇಲೆ. ಫ್ರಾನ್ಸಿನ ಕಲ್ಲುಗಣಿಗೆ ಕೆಲಸಕ್ಕೆಂದು ಹೋದವನು ಕ್ರಿಸ್ಮಸ್‌ಗೆ ಬರಲಿಲ್ಲ, ಈಸ್ಟರಿಗೆ ಬರಲಿಲ್ಲ. ಗಂಡ ಓಡಿಹೋದರೆ ಉಳಿದ ಹೆಂಗಸರು ಪಾದ್ರಿಯ ಬಳಿಗೆ ಓಡುತ್ತಾರೆ. ದೊಮಿತಿಲ್ಲಾ ಒಂದು ವರ್ಷ ಒಂದು ದಿನ ತುಂಬುವವರೆಗೆ ಕಾದು, ಅಡಿಪಟ್ಟಿ ತೆಗೆದುಕೊಂಡಳು. ಗೆರೆ ಎಳ್ಳಷ್ಟೂ ಸೊಟ್ಟಗಾಗಿರಲಿಲ್ಲವೆಂದು ಕಂಡವರು ಹೇಳುತ್ತಿದ್ದರು.

ದಾಲ್ಮಾಸೊನ ಕಥೆ ಇನ್ನೂ ಚೆನ್ನಾಗಿತ್ತು. ಆತ ನೆರಳು ಮಗ್ಗುಲಿನ ಕೊಂಬಾಲ್ ಹಟ್ಟಿಯವನು. ಆ ಕಡೆಯ ಗಂಡಸರ ಹಳೆಯ ಕಸುಬಿನಂತೆ ಪ್ರತಿ ಚಳಿಗಾಲವೂ ಬಯಲುಸೀಮೆಗಿಳಿದು ಕೈಗಾಡಿಯಲ್ಲಿ ಉಪ್ಪುಹಾಕಿದ ಸಣ್ಣ ಮೀನು ಮಾರುತ್ತಿದ್ದ. ಒಂದು ಸಲ ಕಾಲು ಮುರಿದುಕೊಂಡು ಎರಡು ಚಳಿಗಾಲ, ನಡುವಿನ ಬೇಸಿಗೆ, ಎಲ್ಲ ಸೇರಿ ಹದಿನೆಂಟು ತಿಂಗಳು ಅಲ್ಲೇ ಉಳಿದ. ವಾಪಸು ಬಂದಾಗ ಅವನು ಊರಿನವನಾಗಿರಲಿಲ್ಲ. ತಾನು ಹುಟ್ಟಿದ ಮನೆಗೆ ತಾನೇ ವಲಸೆ ಬಂದಿದ್ದೇನೆಂದು ಅರ್ಜಿ ಬರೆದುಕೊಡಬೇಕಾಯಿತು. ಸಿಟ್ಟಿಗೆ ಒಂದು ಡಬ್ಬಿ ಮೀನು ತಂದು ಅವಳ ಮೇಜಿನ ಮೇಲೆ ಕುಕ್ಕಿದನಂತೆ. ಅವಳು ಅದರ ಕೆಳಗೆ ಒಂದು ಕಾಗದ ಸರಿಸಿ, "ಉಪ್ಪುನೀರು ಇಳೀತಿದೆ. ಅರ್ಜಿಗೆ ಸಹಿ ಹಾಕಿ, ಡಬ್ಬಿ ತಗೊಂಡ್ಹೋಗಿ," ಎಂದಳಂತೆ.

ಇಂಥವಳ ಮೇಲೆ ಮೇಯರ್ ಎಂದು ಕೂತಿದ್ದವನು ಸ್ಪಿರಿತೊ ಮಾರ್ತೀನ್. ಮೇಲೆ ಎಂಬುದು ಕಾಗದದ ಮಾತು. ಐವತ್ತೆರಡು ವರ್ಷದ ಈತ ಹದಿನಾರು ಹಸು ಕಟ್ಟಿಕೊಂಡಿದ್ದ, ಮತ್ತು ಬೇರೆ ಯಾರೂ ನಿಲ್ಲದ ಕಾರಣ ಮೂರು ಚುನಾವಣೆ ಗೆದ್ದಿದ್ದ. ತಾನು ಜನಪ್ರಿಯ ಎಂದು ಅವನಿಗೆ ಪ್ರಾಮಾಣಿಕವಾದ ನಂಬಿಕೆಯಿತ್ತು.

ಆ ವರ್ಷ, ಎರಡು ಸಾವಿರದ ಒಂದರ ಜೂನ್ ತಿಂಗಳಲ್ಲಿ, ಕೆಳಗಿನ ಜಿಲ್ಲಾ ಕಚೇರಿಯಿಂದ ಸ್ಪಿರಿತೊನ ಹೆಸರಿಗೆ ಒಂದು ಕಾಗದ ಬಂತು. ಅಕ್ಟೋಬರಿನಲ್ಲಿ ಜನಗಣತಿ. ಇಪ್ಪತ್ತನೆಯ ತಾರೀಖು ಶನಿವಾರ ಮಧ್ಯರಾತ್ರಿ ಹನ್ನೆರಡಕ್ಕೆ ಯಾರು ಜೀವಂತವಾಗಿ ಊರಿನ ನಿವಾಸಿಯೋ ಅವರು ಲೆಕ್ಕಕ್ಕೆ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಹಿಮ ತೆಗೆಯುವ ಲಾರಿ ಮುಂದೆಯೂ ಬರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಲಾರಿ ಕೆಳಗಿನ ಸೊತ್ತೊರೊಕ್ಕಾ ಎಂಬ ಊರಿನ ಚೌಕದಲ್ಲೇ ತಿರುಗಿಕೊಳ್ಳುತ್ತದೆ. ಅಲ್ಲಿಂದ ಮೇಲಿನ ಒಂಬತ್ತು ಕಿಲೋಮೀಟರು ರಸ್ತೆ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ದೇವರ ವಶ.

ಸ್ಪಿರಿತೊ ಕಾಗದವನ್ನು ನಾಲ್ಕು ಸಲ ಓದಿದ. ಬೆಳಿಗ್ಗೆ ಆರೂವರೆಗೆ ಹಾಲಿನ ವ್ಯಾನು ಬರುವುದು ಆ ರಸ್ತೆಯಲ್ಲೇ. ವ್ಯಾನು ನಾಲ್ಕು ತಿಂಗಳು ಬಾರದಿದ್ದರೆ ಹದಿನಾರು ಹಸುಗಳ ಹಾಲನ್ನು ಅವನೇ ಕುಡಿಯಬೇಕು, ಇಲ್ಲವೇ ಹಿಮ ಬೀಳುವ ಮೊದಲೇ ಹಸುಗಳನ್ನು ಕೆಳಗಿನವರಿಗೆ ಮಾರಬೇಕು. ಅದೂ ಸೊತ್ತೊರೊಕ್ಕಾದವರಿಗೆ! ಆ ಊರಿನವರ ಮುಂದೆ ಹಸುವಿನ ಹಗ್ಗ ಹಿಡಿದು ನಿಲ್ಲುವುದಕ್ಕಿಂತ ತಾನೇ ಆ ಹಗ್ಗ ಕೊರಳಿಗೆ ಹಾಕಿಕೊಳ್ಳುವುದು ಮೇಲೆಂದು ಅವನಿಗೆ ಅನ್ನಿಸಿತು. ಮರುದಿನವೇ ದೊಮಿತಿಲ್ಲಾಳ ಮೇಜಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತ.

"ದೊಮಿತಿಲ್ಲಕ್ಕ, ಈಗ ನಾವು ಎಷ್ಟು ಜನ?"

"ಐವತ್ತು."

"ಸರಿಯಾಗಿ ಐವತ್ತಾ?"

"ತಪ್ಪಾಗಿ ಐವತ್ತು ಅಂತ ಬೇರೆ ಇರತ್ತಾ?"

"ಅಲ್ಲ, ಒಂದೆರಡು ಕೈಯಲ್ಲಿ ಹೆಚ್ಚಿಗೆ ಇದ್ರೆ ಒಳ್ಳೇದಲ್ವಾ. ನನ್ನ ತಮ್ಮ ಕೊಸ್ತಾನ್ಸೊನ ಹೆಸರು ವಾಪಸು ಬರ್ಕೊಳ್ಳಿ. ಅವನ ಮನಸ್ಸೆಲ್ಲ ಇಲ್ಲೇ ಇದೆ."

"ಮನಸ್ಸಿಗೆ ಈ ಪುಸ್ತಕದಲ್ಲಿ ಕಾಲಂ ಇಲ್ಲ. ಹಾಸಿಗೆ ಎಲ್ಲಿದೆ?"

"ತೂರಿನ್‌ನಲ್ಲಿ."

"ಹಾಗಾದ್ರೆ ಅವನೂ ತೂರಿನ್‌ನವನೇ."

"ಬೇಸಿಗೇಲಿ ಹದಿನೈದು ದಿನ ಬಂದಿರ್ತಾನಲ್ಲ!"

"ಕೋಗಿಲೇನೂ ಬಂದಿರತ್ತೆ, ಮೇಯರ್ ಸಾಹೇಬ್ರೇ."

ಕಚೇರಿಯಲ್ಲಿ ಅವಳು ಅವನನ್ನು ಕರೆಯುತ್ತಿದ್ದುದು ಹೀಗೆ. ಆ 'ಸಾಹೇಬ್ರೇ' ಕಿವಿಗೆ ಬಿದ್ದಾಗಲೆಲ್ಲ ಸ್ಪಿರಿತೊಗೆ ತನ್ನ ಬೂಟಿಗೆ ಅಂಟಿದ ಸೆಗಣಿ ನೆನಪಾಗುತ್ತಿತ್ತು.

ತಮ್ಮನನ್ನು ಬಿಟ್ಟು, ವೃದ್ಧಾಶ್ರಮ ಸೇರಿದ್ದ ಇಬ್ಬರು ಮುದುಕಿಯರ ಹೆಸರು ಹೇಳಿದ. ಅವರು ಈಗ ಅಲ್ಲಿಯ ನಿವಾಸಿಗಳು ಎಂದಳು. ತೂರಿನ್‌ನಿಂದ ಬಂದು ಹಳೆಯ ಗಿರಣಿ ಕೊಂಡು ಕಿಟಕಿಗಳಿಗೆ ಕೆಂಪು ಹೂಕುಂಡ ಇಟ್ಟಿದ್ದ ವಕೀಲ ದಂಪತಿಗಳ ಹೆಸರು ಹೇಳಿದ. ಆ ಹೂವಿಗೆ ನೀರು ಹಾಕುವುದು ಪೋಸ್ಟಿನವಳು, ಅವಳು ಆಗಲೇ ಲೆಕ್ಕದಲ್ಲಿದ್ದಾಳೆ ಎಂದಳು. ಸ್ಪಿರಿತೊ ಟೋಪಿ ಹಾಕಿಕೊಂಡು ಹೊರಬಿದ್ದ. ಹೊಸಬರನ್ನು ತರಲಾಗದಿದ್ದರೆ ಇರುವವರನ್ನು ಸಾಯಗೊಡಬಾರದು. ಬೇರೆ ದಾರಿ ಇರಲಿಲ್ಲ.

ಆ ಬೇಸಿಗೆ ಮತ್ತು ಶರತ್ಕಾಲದಲ್ಲಿ ಪಿಯೆತ್ರಾಸ್ಕೂರಾದ ವೃದ್ಧರು ಕಂಡ ಸುಖವನ್ನು ಅವರ ಅಪ್ಪ ಅಜ್ಜಂದಿರು ಕಂಡಿರಲಿಲ್ಲ. ಏಣಿ ಹತ್ತಿದ್ದ ಎಪ್ಪತ್ತರ ಮುದುಕನನ್ನು ನಾಲ್ಕು ಜನ ಕೆಳಗಿಳಿಸಿಕೊಂಡರು. ಅಣಬೆ ಆರಿಸಲು ಹೋದವರ ಬುಟ್ಟಿಯನ್ನು ದಾರಿಯಲ್ಲೇ ತಡೆದು ಪರೀಕ್ಷಿಸಲಾಯಿತು. ಬಿಸಿಲು ಮಗ್ಗುಲಿನವರು ನೆರಳು ಮಗ್ಗುಲಿನವರಿಗೆ ಸೌದೆ ಒಡೆದುಕೊಟ್ಟರು. ಅದನ್ನು ಕಂಡ ಪಾದ್ರಿ ಇದು ಪ್ರಾರ್ಥನೆಯ ಫಲವೆಂದು ಭ್ರಮಿಸಿ ಭಾನುವಾರ ಅದರ ಮೇಲೆಯೇ ಮಾತಾಡಿದ.

ಎಲ್ಲರ ಕಣ್ಣು ದಾಲ್ಮಾಸೊನ ಎದೆಯ ಮೇಲಿತ್ತು. ಆ ಮೀನಿನ ವ್ಯಾಪಾರಿಗೆ ಈಗ ಎಂಬತ್ತೊಂದು. ಕೊಂಬಾಲ್‌ನಲ್ಲಿ ಉಳಿದದ್ದು ಎರಡೇ ಮನೆ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಸ್ಪಿರಿತೊನ ಸೋದರತ್ತೆ ಬತ್ತಿಸ್ತೀನಾ. ಸೆಪ್ಟೆಂಬರಿನಲ್ಲಿ ದಾಲ್ಮಾಸೊಗೆ ಕೆಮ್ಮು ಹತ್ತಿತು. ಆ ಕೆಮ್ಮು ಊರಿನ ಆಸ್ತಿಯಾಯಿತು. ಬೆಳಿಗ್ಗೆ ಸೇತುವೆಯ ಬಳಿ ಸೇರಿದವರು ಹವಾಮಾನದ ಬದಲು ಅದರ ವಿಷಯ ಮಾತಾಡುತ್ತಿದ್ದರು: ಇವತ್ತು ಒಣ ಕೆಮ್ಮೋ, ಕಫದ ಕೆಮ್ಮೋ. ಸ್ಪಿರಿತೊ ದಿನವೂ ಹಾಲು ಹೊತ್ತುಕೊಂಡು ಹತ್ತಿದ. ಬತ್ತಿಸ್ತೀನಾ ಮೂಳೆ ಬೇಯಿಸಿ ಸೂಪು ಮಾಡಿ ಕುಡಿಸಿದಳು. ಸಾಯುವವರ ಹಣೆಗೆ ಹಚ್ಚುವ ಕೊನೆಯ ಸಂಸ್ಕಾರದ ಎಣ್ಣೆ ತರಲೇ ಎಂದ ಪಾದ್ರಿಯನ್ನು, ಮುದುಕನ ತಲೆಯಲ್ಲಿ ಇಲ್ಲದ ಆಲೋಚನೆ ತುಂಬಬೇಡಿ ಎಂದು ಗದರಿ ಕಳಿಸಿದರು.

ದಾಲ್ಮಾಸೊ ದಡ್ಡನಲ್ಲ. "ಏನ್ರೋ, ಸಂತೆಗೆ ಹೊಡ್ಕೊಂಡು ಹೋಗೋ ಹೋರಿ ಥರ ಕೊಬ್ಬಿಸ್ತಿದ್ದೀರಿ ನನ್ನ?" ಎಂದು ಒಂದು ದಿನ ಕೇಳಿದ.

"ಇಪ್ಪತ್ತೊಂದನೇ ತಾರೀಖಿನ ತನಕ ಅಷ್ಟೇ, ದೊಡ್ಡಪ್ಪ," ಎಂದ ಸ್ಪಿರಿತೊ. "ಆಮೇಲೆ ನಿನ್ನಿಷ್ಟ."

"ದೊಮಿತಿಲ್ಲಾ ನನ್ನ ಹೆಸರು ಒಂದ್ಸಲ ಹೊಡೆದು ಹಾಕಿದ್ಲಲ್ಲೋ, ಆಗ ಯಾರಿಗೂ ನನ್ನ ಅವಶ್ಯ ಬೀಳ್ಲಿಲ್ಲ."

"ಆಗ ಸಾವಿರ ಜನ ಇದ್ವಿ."

"ಇನ್ನೂರ ಅರವತ್ತು," ಎಂದು ದಾಲ್ಮಾಸೊ ತಿದ್ದಿ, ಕೆಮ್ಮಿದ.

ಅಕ್ಟೋಬರ್ ಇಪ್ಪತ್ತೊಂದನೆಯ ತಾರೀಖು ಭಾನುವಾರ ಬೆಳಿಗ್ಗೆ ಸ್ಪಿರಿತೊ ಹಾಲಿನ ಕ್ಯಾನು ಹಿಡಿದು, ಸೀಟಿ ಹೊಡೆಯುತ್ತಾ ಕೊಂಬಾಲ್ ಹತ್ತಿದ. ಗಡುವು ದಾಟಿತ್ತು. ರಸ್ತೆ ಉಳಿದಿತ್ತು, ಹಸು ಉಳಿದಿದ್ದವು. ದಾಲ್ಮಾಸೊನ ಬಾಗಿಲ ಕಲ್ಲಿನ ಮೇಲೆ ಬತ್ತಿಸ್ತೀನಾ ಕಪ್ಪು ಶಾಲು ಹೊದ್ದು ಕೂತಿದ್ದಳು. ಸೀಟಿ ನಿಂತಿತು.

"ಹೋದ ಕಣೋ," ಎಂದಳು.

"ಯಾವಾಗ?"

"ರಾತ್ರಿ. ಸೂಪು ಕುಡಿದ. ಉಪ್ಪು ಕಮ್ಮಿ ಅಂದ. ಬಟ್ಲು ಕೆಳಗಿಟ್ಟ, ಹೋದ."

"ರಾತ್ರಿ ಎಷ್ಟು ಹೊತ್ತಿಗೆ ಅತ್ತೆ? ಎಷ್ಟು ಗಂಟೆಗೆ?"

"ಒಂಬತ್ತೂ ಹತ್ತು."

ಸ್ಪಿರಿತೊ ಸೌದೆ ಒಡೆಯುವ ಕೊರಡಿನ ಮೇಲೆ ಕುಸಿದು ಕೂತ. "ಮೂರು ಗಂಟೆ! ಎಂಬತ್ತೊಂದು ವರ್ಷ ಇದ್ದೋನು ಇನ್ನು ಮೂರು ಗಂಟೆ ಇರ್ಬಾರ್ದಾಗಿತ್ತಾ?"

"ಪಾಪ, ಅವನೇನು ಬೇಕಂತ ಮಾಡಿದ್ನಾ."

"ಬೇಕಂತ್ಲೇ ಮಾಡಿರ್ತಾನೆ. ನೆರಳು ಮಗ್ಗುಲಿನೋನು ತಾನೆ!" ಎಂದವನು, ಅತ್ತೆಯೂ ನೆರಳು ಮಗ್ಗುಲಿನವಳೆಂಬುದು ನೆನಪಾಗಿ ದನಿ ಇಳಿಸಿದ. "ಬೇರೆ ಯಾರಾದ್ರೂ ಇದ್ರಾ?"

"ನಾನೊಬ್ಳೇ."

ಒಬ್ಬಳೇ ಎಂದರೆ ಮನುಷ್ಯ ತಿದ್ದಬಹುದಾದ ಸಾಕ್ಷಿ. ಸ್ಪಿರಿತೊನ ಮುಖಕ್ಕೆ ರಕ್ತ ಮರಳಿತು. "ಅತ್ತೆ, ಕೇಳು. ಹನ್ನೆರಡೂ ಹತ್ತು ಅನ್ನು. ಒಂಬತ್ತು ತೆಗಿ, ಹನ್ನೆರಡು ಹಾಕು. ಆ ಹತ್ತು ನಿಮಿಷ ಹಾಗೇ ಇರ್ಲಿ, ಅಷ್ಟರಮಟ್ಟಿಗೆ ನಿಜ ಹೇಳ್ದಂಗೂ ಆಗತ್ತೆ."

"ಪಾದ್ರಿ ಹತ್ರ ಪಾಪ ಒಪ್ಪಿಸ್ವಾಗ ಏನನ್ಲೋ?"

"ಮೂರು ಗಂಟೆಯಷ್ಟು ಪಾಪ ಅನ್ನು."

ಮಧ್ಯಾಹ್ನ ಸೊತ್ತೊರೊಕ್ಕಾದಿಂದ ಡಾಕ್ಟರು ಹತ್ತಿ ಬಂದ, ಏದುಸಿರು ಬಿಟ್ಟ, ಒಂದು ಲೋಟ ಗಿಡಮೂಲಿಕೆಯ ಸಾರಾಯಿ ಕುಡಿದ. ಮುದುಕ ಸತ್ತಿದ್ದಾನೆಂದು ಅವನಿಗೂ ಒಪ್ಪಿಗೆಯಾಯಿತು. ಗಂಟೆ ಎಷ್ಟೆಂದು ಬರೆಯಲು ಮಾತ್ರ ಒಪ್ಪಲಿಲ್ಲ. "ಒಲೆ ಆರಿದ ಮನೆ, ಈ ಚಳಿ. ಇಲ್ಲಿ ಬದುಕಿರೋರೇ ತಣ್ಣಗಿದ್ದೀರಿ. ರಾತ್ರಿ ಅಂತ ಬರೀತೀನಿ, ಗಂಟೆ ಪಕ್ಕದಲ್ಲಿದ್ದೋರು ಹೇಳ್ಲಿ," ಎಂದು ಆ ಜಾಗ ಖಾಲಿ ಬಿಟ್ಟು ಇಳಿದು ಹೋದ. ಸ್ಪಿರಿತೊ ಮನಸ್ಸಿನಲ್ಲೇ ಅವನಿಗೆ ಒಂದು ಗುಂಡು ಚೀಸು ಕಾಣಿಕೆ ಕೊಟ್ಟ. ಮನಸ್ಸಿನಲ್ಲಿ ಮಾತ್ರ.

ಖಾಲಿ ಜಾಗ ತುಂಬುವ ಪೆನ್ನು ದೊಮಿತಿಲ್ಲಾಳದು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ಪಿರಿತೊ ಅತ್ತೆಯನ್ನು ಕರೆದುಕೊಂಡು ಕಚೇರಿಗೆ ಬಂದ. ದಾರಿಯುದ್ದಕ್ಕೂ 'ಹನ್ನೆರಡೂ ಹತ್ತು' ಎಂದು ಅವಳಿಗೆ ಜಪಮಾಲೆಯ ಜೊತೆ ಹೇಳಿಸಿಕೊಂಡು ಬಂದಿದ್ದ. ದೊಮಿತಿಲ್ಲಾ ಮರಣದ ಪುಸ್ತಕ ತೆರೆದು, ಬೂದುಬಣ್ಣದ ಸ್ವೆಟರಿನ ತೋಳು ಮಡಚಿ, ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಯಾರನ್ನೂ ಕೇಳದೆ ಬರೆದಳು. ಗಂಟೆಯ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಎಷ್ಟು ಗಂಟೆಗೆ, ಬತ್ತಿಸ್ತೀನಮ್ಮ?"

"ಹನ್ನೆರಡೂ ಹತ್ತು," ಎಂದಳು ಬತ್ತಿಸ್ತೀನಾ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು.

"ನೀವು ಪಕ್ಕದಲ್ಲೇ ಇದ್ರಿ."

"ಇದ್ದೆ."

"ಏನು ಮಾಡ್ತಿದ್ರಿ?"

"ಸೂಪು ಕುಡಿಸ್ತಿದ್ದೆ."

"ನಡುರಾತ್ರಿ ಹನ್ನೆರಡಕ್ಕೆ ಸೂಪು."

ಬತ್ತಿಸ್ತೀನಾ ಸೋದರಳಿಯನ ಮುಖ ನೋಡಿದಳು. ಆ ಭಾಗದ ಪಾಠ ಆಗಿರಲಿಲ್ಲ.

"ಹಸಿವಾಗಿತ್ತಂತೆ," ಎಂದ ಸ್ಪಿರಿತೊ.

"ನಿಮಗೆ ಯಾರು ಹೇಳಿದ್ದು, ಮೇಯರ್ ಸಾಹೇಬ್ರೇ? ದಾಲ್ಮಾಸೊನಾ?" ದೊಮಿತಿಲ್ಲಾ ಮತ್ತೆ ಮುದುಕಿಯ ಕಡೆ ತಿರುಗಿದಳು. "ನೀವು ಏಳೂವರೆಗೆ ಕೋಳಿ ಗೂಡು ಮುಚ್ಚಿ ಒಂಬತ್ತೂವರೆಗೆ ದೀಪ ಆರಿಸೋರು. ಬಿಸಿಲು ಮಗ್ಗುಲಿನೋರೆಲ್ಲ ನಿಮ್ಮ ದೀಪ ನೋಡಿ ಗಡಿಯಾರ ಸರಿ ಮಾಡ್ಕೋತಾರೆ. ಶನಿವಾರ ಹನ್ನೆರಡರ ತನಕ ಕೂತಿದ್ರಾ?"

"ಕೂತಿದ್ದೆ ಅಂತ... ಅಂದ್ಕೊಳಮ್ಮ."

"ನಾನು ಅಂದ್ಕೊಳ್ಳೋದಿಲ್ಲ. ಬರೀತೀನಿ."

ಪೆನ್ನಿಗೆ ಮುಚ್ಚಳ ಹಾಕಿದಳು. ಪುಸ್ತಕವನ್ನು ಚರ್ಮದ ಚೀಲಕ್ಕೆ ಇಳಿಸಿದಳು. "ಮನೆ ನೋಡ್ಬೇಕು," ಎಂದು ಬೂಟಿನ ದಾರ ಬಿಗಿದಳು. ಅವಳು ಹೀಗೆಂದು ಎದ್ದರೆ ಅಡಿಪಟ್ಟಿಯೂ ಜೊತೆಗೆ ಎದ್ದ ಹಾಗೆಯೇ.

ಸೇತುವೆ ದಾಟಿ ಕೊಂಬಾಲ್‌ಗೆ ಮುನ್ನೂರು ಮೀಟರು ಏರು. ಹಳದಿಯಾದ ಲಾರ್ಚ್ ಮರಗಳ ಎಲೆ ಉದುರಿ, ಕಾಲುದಾರಿಯಲ್ಲಿ ಮಂಜುಗಡ್ಡೆಯ ಮೇಲೆ ಅಂಟಿಕೊಂಡಿತ್ತು. ಅರವತ್ತೊಂದರ ದೊಮಿತಿಲ್ಲಾ ಮುಂದೆ, ಸ್ಪಿರಿತೊ ಹಿಂದೆ, ಬತ್ತಿಸ್ತೀನಾ ಅವರಿಬ್ಬರಿಗಿಂತ ಹಿಂದೆ, ನರಕಕ್ಕೆ ಹೊರಟವಳಂತೆ.

"ಹದಿನಾರು ಹಸು, ದೊಮಿತಿಲ್ಲಕ್ಕ," ಎಂದ ಸ್ಪಿರಿತೊ ಮೊದಲ ತಿರುವಿನಲ್ಲಿ.

"ಜನಗಣತೀಲಿ ಹಸು ಎಣಿಸಲ್ಲ."

ಎರಡನೆಯ ತಿರುವಿನಲ್ಲಿ, "ಹಾಲಿನ ವ್ಯಾನು ನಿಂತ್ರೆ ನಾನೂ ಕೆಳಗಿಳೀಬೇಕಾಗತ್ತೆ. ಆಮೇಲೆ ನನ್ನ ಹಿಂದೆ ಇನ್ನೂ ನಾಲ್ಕು ಮನೆ. ಆಗ ನೀವು ಯಾರನ್ನ ಎಣಿಸ್ತೀರಿ?"

"ಇದ್ದೋರನ್ನ."

ಮೂರನೆಯ ತಿರುವಿನಲ್ಲಿ ಅವನಿಗೆ ಸಿಟ್ಟು ಬಂತು. "ಕಾನೂನು ಪ್ರಕಾರ ಆ ಪುಸ್ತಕ ಮೇಯರದ್ದು. ನೀವು ನನ್ನ ಪರವಾಗಿ ಬರಿಯೋರು, ಅಷ್ಟೆ. ನಾನೇ ಬರೀಬಹುದು."

ಅವಳು ನಿಂತಳು, ಚೀಲದಿಂದ ಪೆನ್ನು ತೆಗೆದು ಅವನ ಮುಂದೆ ಹಿಡಿದಳು. ಸ್ಪಿರಿತೊ ಪೆನ್ನನ್ನು ಹಾವನ್ನು ನೋಡುವಂತೆ ನೋಡಿದ. ಸುಳ್ಳು ಹೇಳುವುದು ಒಂದು, ಸುಳ್ಳಿಗೆ ಸಹಿ ಹಾಕುವುದು ಇನ್ನೊಂದು; ಊರಿನ ಮುಖಂಡರೆಲ್ಲ ಬಲ್ಲ ವ್ಯತ್ಯಾಸ ಅದು.

"ನಿಮ್ಮ ಕೈಬರಹ ಯಾರಿಗೂ ಓದಕ್ಕೆ ಆಗಲ್ಲ ಬಿಡಿ," ಎಂದು ಅವಳು ಪೆನ್ನು ವಾಪಸು ಹಾಕಿಕೊಂಡು ನಡೆದಳು.

ದಾಲ್ಮಾಸೊನ ಮನೆ ಒಂದೇ ಕೋಣೆ. ಆರಿದ ಒಲೆ, ಒಂದು ಮೇಜು, ಒಂದು ಮುಕ್ಕಾಲಿ, ಗೋಡೆಗೊರಗಿಸಿದ ಮಂಚ. ಮಂಚದ ಮೇಲೆ ಮುದುಕನನ್ನು ಕಪ್ಪು ಕೋಟು ಹಾಕಿಸಿ, ಕೈಗೆ ಜಪಮಾಲೆ ಸುತ್ತಿ ಮಲಗಿಸಿದ್ದರು. ಐವತ್ತು ಚಳಿಗಾಲ ಮೀನು ಮಾರಿದ ಆ ಕೋಟು ಈಗಲೂ ವಾಸನೆ ಬಿಟ್ಟುಕೊಟ್ಟಿರಲಿಲ್ಲ. ದೊಮಿತಿಲ್ಲಾ ಶಿಲುಬೆ ಗುರುತು ಹಾಕಿಕೊಂಡಳು. ಪೂರ್ತಿ ಹಾಕಿದಳು, ಆತುರ ಮಾಡಲಿಲ್ಲ. ಆಮೇಲೆ ತಲೆಯೆತ್ತಿ ಮಂಚದ ಮೇಲಿನ ಗೋಡೆ ನೋಡಿದಳು.

ಸ್ಪಿರಿತೊನೂ ನೋಡಿದ.

ಗೋಡೆಯ ಮೇಲೆ ಲೋಲಕದ ಗಡಿಯಾರ. ಪಿಯೆತ್ರಾಸ್ಕೂರಾದಲ್ಲಿ ಮನೆಯಲ್ಲಿ ಯಾರಾದರೂ ಸತ್ತರೆ ಮೊದಲು ಕಣ್ಣು ಮುಚ್ಚಿಸುತ್ತಾರೆ, ಮರುಕ್ಷಣ ಲೋಲಕ ಹಿಡಿದು ಗಡಿಯಾರ ನಿಲ್ಲಿಸುತ್ತಾರೆ; ಶವಪೆಟ್ಟಿಗೆ ಹೊಸ್ತಿಲು ದಾಟುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಸತ್ತವನು ದಾರಿ ತಪ್ಪುತ್ತಾನೆ ಎಂದು ಕೆಲವರು, ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ ಎಂದು ಕೆಲವರು. ಕಾರಣಕ್ಕೆ ಜಗಳವಿತ್ತು, ಪದ್ಧತಿಗೆ ಇರಲಿಲ್ಲ. ಅಪ್ಪ ಸತ್ತಾಗ ಸ್ಪಿರಿತೊ ತಾನೇ ನಿಲ್ಲಿಸಿದ್ದ. ನಿನ್ನೆ ಇಡೀ ದಿನ ಈ ಗಡಿಯಾರದ ಕೆಳಗೇ ಕೂತು ಅತ್ತೆಗೆ ಸುಳ್ಳು ಹೇಳಿಕೊಟ್ಟಿದ್ದ. ಡಾಕ್ಟರೂ ಅದರ ಕೆಳಗೇ ಸಾರಾಯಿ ಕುಡಿದಿದ್ದ. ಸಾವಿನ ಮನೆಯಲ್ಲಿ ನಿಂತ ಗಡಿಯಾರ ಯಾರ ಕಣ್ಣಿಗೂ ಬೀಳುವುದಿಲ್ಲ, ಗೋಡೆಯ ಬಣ್ಣ ಕಣ್ಣಿಗೆ ಬೀಳದ ಹಾಗೆ.

ಮುಳ್ಳುಗಳು ಒಂಬತ್ತೂ ಹತ್ತರಲ್ಲಿ ನಿಂತಿದ್ದವು.

"ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ," ಎಂದು ಬತ್ತಿಸ್ತೀನಾ ಬಾಗಿಲಲ್ಲೇ ಕೂತುಬಿಟ್ಟಳು.

"ಯಾರು ನಿಲ್ಲಿಸಿದ್ದು?" ಎಂದಳು ದೊಮಿತಿಲ್ಲಾ.

"ನಾನೇ ಕಣಮ್ಮ. ಕಣ್ಣು ಮುಚ್ಚಿಸ್ದೆ, ಅದನ್ನ ನಿಲ್ಲಿಸ್ದೆ, ಮನೆಗೋಗಿ ಮಲಗ್ದೆ. ಎಲ್ಲಾರೂ ಮಾಡೋದೇ ತಾನೆ."

"ಹೌದು. ಎಲ್ಲಾರೂ ಮಾಡೋದೇ."

ಸ್ಪಿರಿತೊನ ಕಣ್ಣ ಮುಂದೆ ಹಸುಗಳು ಒಂದೊಂದಾಗಿ ಸೊತ್ತೊರೊಕ್ಕಾದವರ ಲಾರಿಯ ಹಲಗೆ ಹತ್ತುತ್ತಿದ್ದವು. ಅವಕ್ಕೆ ಇಟ್ಟ ಹೆಸರುಗಳು ಒಂದೊಂದಾಗಿ ನೆನಪಾದವು. ಸಂಜೆ ಶವದ ಪಕ್ಕ ಜಪ ಮಾಡಲು ಊರೆಲ್ಲ ಇಲ್ಲಿ ಸೇರುತ್ತದೆ, ಕೆಳಗಿನವರೂ ಬರುತ್ತಾರೆ, ಇಲ್ಲಿಯ ಗೋಡೆಯನ್ನೂ ಅಲ್ಲಿಯ ಪುಸ್ತಕವನ್ನೂ ಹೋಲಿಸುವವನೊಬ್ಬ ಅವರಲ್ಲಿ ಇದ್ದೇ ಇರುತ್ತಾನೆ. ಮುಗಿಯಿತು.

ದೊಮಿತಿಲ್ಲಾ ಚೀಲವನ್ನು ಮೇಜಿನ ಮೇಲಿಟ್ಟಳು. ಮುಕ್ಕಾಲಿಯನ್ನು ಎಳೆದು ಮಂಚದ ಪಕ್ಕಕ್ಕೆ ತಂದು, ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಹತ್ತಿ ನಿಂತಳು. ಗಡಿಯಾರದ ಗಾಜಿನ ಬಾಗಿಲು ತೆರೆದಳು. ಬಲಗೈಯ ತೋರುಬೆರಳನ್ನು ಉದ್ದ ಮುಳ್ಳಿಗೆ ಆನಿಸಿ ಮುಂದಕ್ಕೆ ತಳ್ಳತೊಡಗಿದಳು.

"ಅಮ್ಮಾ! ಅದನ್ನ ಮುಟ್ಟಬಾರ್ದು! ಪೆಟ್ಟಿಗೆ ಇನ್ನೂ..." ಎಂದಳು ಬತ್ತಿಸ್ತೀನಾ.

ಒಂಬತ್ತೂವರೆಗೆ ಗಡಿಯಾರ ಒಂದು ಸಲ ಹೊಡೆಯಿತು. ಆ ತಣ್ಣಗಿನ ಕೋಣೆಯಲ್ಲಿ, ಆ ಮಂಚದ ಮೇಲೆ, ಸದ್ದು ಚರ್ಚಿನ ಗಂಟೆಯಷ್ಟು ದೊಡ್ಡದಾಗಿ ಕೇಳಿಸಿತು. ಮುದುಕಿ ಮುಖ ಮುಚ್ಚಿಕೊಂಡಳು. ದೊಮಿತಿಲ್ಲಾ ಬೆರಳು ತೆಗೆಯಲಿಲ್ಲ. ಹತ್ತಕ್ಕೆ ಬಂದಾಗ ತಡೆದು, ಹತ್ತೂ ಹೊಡೆತ ಮುಗಿಯುವವರೆಗೆ ನಿಂತಳು. ನಡುವೆ ತಳ್ಳಿದರೆ ಗಡಿಯಾರ ಕೆಡುತ್ತದೆ. ಹತ್ತೂವರೆ. ಹನ್ನೊಂದು. ಹನ್ನೊಂದೂವರೆ. ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟುಕೊಂಡಳು. ಹನ್ನೆರಡು ಹೊಡೆಯತೊಡಗಿದಾಗ ಸ್ಪಿರಿತೊ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಎಲ್ಲ ಸೇರಿ ಮೂವತ್ತಾರು ಹೊಡೆತ. ಒಂಬತ್ತು ವರ್ಷದ ಆಡಳಿತದಲ್ಲಿ ಅವನು ಇಷ್ಟು ಶ್ರದ್ಧೆಯಿಂದ ಎಣಿಸಿದ್ದು ಅದೊಂದೇ.

ಆಮೇಲೆ ಇನ್ನೂ ಹತ್ತು ನಿಮಿಷ, ಮೆಲ್ಲಗೆ. ಗಾಜಿನ ಬಾಗಿಲು ಮುಚ್ಚಿ, ಕೊಕ್ಕೆ ಹಾಕಿ ಇಳಿದಳು. ಬೂಟು ಹಾಕಿಕೊಂಡಳು, ಎರಡು ಗಂಟು ಬಿಗಿದಳು. ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದಳು. ಗೋಡೆಯ ಕಡೆ ತಿರುಗಿ ನೋಡಲಿಲ್ಲ.

"ಸ್ಪಿರಿತೊ, ಗಡಿಯಾರದಲ್ಲಿ ಎಷ್ಟಾಗಿದೆ? ಓದಿ ಹೇಳೋ."

ಸ್ಪಿರಿತೊ ಮುಳ್ಳುಗಳನ್ನು ನೋಡಿದ. "ಹನ್ನೆರಡೂ ಹತ್ತು."

"ಹನ್ನೆರಡು ಅಂದ್ರೆ ಮಧ್ಯಾಹ್ನ. ಸೊನ್ನೆ ಗಂಟೆ ಹತ್ತು ನಿಮಿಷ ಅನ್ಬೇಕು," ಎಂದು ಅವಳು ಹಾಗೆಯೇ ಬರೆದಳು.